ಗಾಳಕ್ಕಿಂತ ಮೊದಲು ಐಸ್ ಪೆಟ್ಟಿಗೆ ನೋಡಿ

ಜೂನ್ ಬಂತು ಅಂದರೆ ಸಾಕು, ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್ ಸುತ್ತಮುತ್ತ ಇರುವ ನಮ್ಮ ಹುಡುಗರಿಗೆಲ್ಲ ಉತ್ತರದ ಕೆರೆಗಳ ಹುಚ್ಚು ಹತ್ತುತ್ತದೆ. ಹತ್ತಲಿ, ಒಳ್ಳೆಯದೇ. ಆದರೆ ಅವರ ತಯಾರಿಯ ಚಂದ ನೋಡಿದರೆ ನನಗೆ ಮೈ ಉರಿಯುತ್ತದೆ. ಫೋಟೋ ಚೆನ್ನಾಗಿದೆ ಅಂತ ಕ್ಯಾಬಿನ್ ಬುಕ್ ಮಾಡುತ್ತಾರೆ. ದುಬಾರಿ ಗಾಳದ ಕೋಲು ತರುತ್ತಾರೆ. ಟೋಪಿ, ಕಪ್ಪು ಕನ್ನಡಕ, ಮೈತುಂಬ ಜೇಬಿರುವ ಅಂಗಿ ಎಲ್ಲ ಬರುತ್ತದೆ. ಹಿಡಿದ ಮೀನು ಎಲ್ಲಿಡುತ್ತೀರಿ ಅಂತ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊನೆಗೆ ಅದು ಪ್ಲಾಸ್ಟಿಕ್ ಕವರಿನಲ್ಲಿ, ಮಕ್ಕಳ ಜ್ಯೂಸ್ ಡಬ್ಬಿಗಳ ನಡುವೆ, ಕರಗಿದ ನೀರಲ್ಲಿ ತೇಲಿಕೊಂಡು ಮನೆಗೆ ಬರುತ್ತದೆ. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮಾ, ಈ ಸಿಹಿನೀರಿನ ಮೀನಿಗೆ ರುಚಿಯೇ ಇಲ್ಲ" ಅನ್ನುತ್ತಾರೆ. ರುಚಿ ಎಲ್ಲಿಂದ ಬರಬೇಕು ಮಾರಾಯ್ರೇ?

ಮೊದಲು ಕೆರೆಯ ವಿಷಯ. ಮಿನ್ನೆಸೋಟಾದಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಯಾವುದಕ್ಕೆ ಹೋಗಬೇಕು ಅಂತ ಸ್ನೇಹಿತರ ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ರಾಜ್ಯದ ಡಿಎನ್‌ಆರ್ (ನೈಸರ್ಗಿಕ ಸಂಪನ್ಮೂಲ) ಇಲಾಖೆಯ ಲೇಕ್‌ಫೈಂಡರ್ ಅಂತ ಒಂದು ಜಾಲತಾಣ ಇದೆ. ಕೆರೆಯ ಹೆಸರು ಹಾಕಿದರೆ ಎಷ್ಟು ಆಳ, ಯಾವ ಮೀನು, ಎಲ್ಲಿ ದೋಣಿ ಇಳಿಸುವುದು ಎಲ್ಲ ಹೇಳುತ್ತದೆ, ಪುಕ್ಕಟೆ. ಆಳದ ನಕ್ಷೆ ಮನೆಯಲ್ಲೇ ಪ್ರಿಂಟ್ ತೆಗೆದುಕೊಳ್ಳಿ. ಅಲ್ಲಿ ಹೋದ ಮೇಲೆ ಫೋನಿಗೆ ಸಿಗ್ನಲ್ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಇನ್ನು ಗೊತ್ತಿಲ್ಲದ ಕೆರೆಗೆ ಹೋಗಿ ಮೊದಲ ದಿನವೇ ಇಡೀ ಕೆರೆ ಸುತ್ತುವ ಆಸೆ ಬಿಡಿ. ಒಂದು ಮೂಲೆ ಹಿಡಿದುಕೊಳ್ಳಿ, ಸಾಕು. ಲೀಚ್ ಲೇಕನ್ನೇ ತೆಗೆದುಕೊಳ್ಳಿ. ವಾಕರ್ ಊರಿನ ಪಕ್ಕ, ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆ ದಾರಿ. ಅದು ಕೆರೆ ಅಂತ ಹೆಸರಿಗೆ. ಗಾಳಿ ಎದ್ದರೆ ನಡುವೆ ಬರುವ ಅಲೆ ನೋಡಿ ನನಗೇ ಕರಾವಳಿಯ ಗಂಗೊಳ್ಳಿಯ ಅಳಿವೆ ನೆನಪಾಯಿತು. ಅಂಥ ಕಡೆ ಮಕ್ಕಳನ್ನು ಕೂರಿಸಿಕೊಂಡು ನಡುನೀರಿಗೆ ಯಾಕೆ ಹೋಗಬೇಕು? ಕಬೆಕೋನ ಬೇ ತರಹದ ಒಂದು ಕೊಲ್ಲಿ ನೋಡಿಕೊಳ್ಳಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಬೆಳಿಗ್ಗೆ ಎದ್ದ ಕೂಡಲೇ ನೋಡಿ, ಆಮೇಲೆ ಕಾಫಿ. ಗುಡುಗು ಕೇಳಿಸಿತೋ, ಮೀನು ಕಚ್ಚುತ್ತಿದ್ದರೂ ಸರಿ, ದಡಕ್ಕೆ ಬನ್ನಿ. ಕೊಲ್ಲಿಗಳ ತೆಳು ನೀರಿನಲ್ಲಿ ಹುಲ್ಲಿನ ಹಾಗೆ ನಿಂತಿರುವುದು ಕಾಡು ಅಕ್ಕಿ. ಅಲ್ಲಿನ ಮೂಲನಿವಾಸಿ ಓಜಿಬ್ವೆ ಜನ ತಲೆತಲಾಂತರದಿಂದ ಕೊಯ್ದು ಉಣ್ಣುವ ಬೆಳೆ ಅದು. ಅದರೊಳಗೆ ಮೋಟಾರು ನುಗ್ಗಿಸಬೇಡಿ. ಯಾರಾದರೂ ನಿಮ್ಮ ಗದ್ದೆಯಲ್ಲಿ ಬೈಕ್ ಓಡಿಸಿದರೆ ಬಿಡುತ್ತೀರಾ?

ಗಾಳಕ್ಕೆ ಸಿಕ್ಕಿಸುವ ಎರೆ ಮಾರುವ ಅಂಗಡಿಯವನ ಹತ್ತಿರ ಎರಡು ಮಾತಾಡಿ. ಒಂದು ಡಬ್ಬಿ ಎರೆಹುಳ, ಒಂದು ಡಬ್ಬಿ ಜಿಗಣೆ ಕೊಂಡುಕೊಂಡು, "ಈಗ ಎಷ್ಟು ಆಳದಲ್ಲಿ ಕಚ್ಚುತ್ತಿದೆ" ಅಂತ ಕೇಳಿದರೆ ಅವನೇ ಹೇಳುತ್ತಾನೆ. ಅಂಗಡಿಗೆ ಹೋಗಲು ನಾಚಿಕೊಂಡು ಫೋನಿನಲ್ಲಿ ಎರಡು ಗಂಟೆ ವಿಡಿಯೋ ನೋಡುವವರನ್ನು ಕಂಡರೆ ನನಗೆ ತಲೆ ಕೆಡುತ್ತದೆ. ಜಿಗಣೆ ಡಬ್ಬಿ ಫ್ರಿಜ್ಜಿನಲ್ಲಿ ಇಡಬೇಕಾಗುತ್ತದೆ. ಮೇಲೆ ದೊಡ್ಡದಾಗಿ ಹೆಸರು ಬರೆದು ಇಡಿ, ಮೊಸರಿನ ಪಕ್ಕ ಬೇಡ.

ಹೋಗುವ ಹೊತ್ತು ಕೂಡ ಅಷ್ಟೇ ಮುಖ್ಯ. ಎಲ್ಲರೂ ಆಸೆಪಡುವ ವಾಲ್‌ಐ ಮೀನಿಗೆ ಮಬ್ಬು ಬೆಳಕಿನಲ್ಲಿ ಕಣ್ಣು ಚುರುಕು. ನಸುಕಿನಲ್ಲಿ ಮತ್ತು ಸೂರ್ಯ ಇಳಿಯುವಾಗ ಕಚ್ಚುತ್ತದೆ. ಇವರು ಹತ್ತು ಗಂಟೆಗೆ ಎದ್ದು, ಪ್ಯಾನ್‌ಕೇಕ್ ತಿಂದು, ನೆತ್ತಿ ಸುಡುವ ಬಿಸಿಲಿಗೆ ದೋಣಿ ಇಳಿಸುತ್ತಾರೆ. ಜೂನ್ ಕೊನೆಗೆ ಅಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಮಕ್ಕಳಿಗೆ ಸಂಜೆ ಆರಕ್ಕೇ ಊಟ ಹಾಕಿಬಿಡಿ, ಆಮೇಲೆ ಹೊರಡಿ. ಹಸಿದ ಮಗು ದೋಣಿಯಲ್ಲಿ ಇದ್ದರೆ ಯಾರಿಗೂ ಮೀನು ಸಿಗುವುದಿಲ್ಲ.

ಸಣ್ಣ ಮಕ್ಕಳಿಗೆ ವಾಲ್‌ಐ ಆಸೆ ಹುಟ್ಟಿಸಲೇಬೇಡಿ. ಕ್ಯಾಬಿನ್ ಮುಂದಿನ ಡಾಕಿನಲ್ಲಿ ಕೂರಿಸಿ. ಸಣ್ಣ ಗಾಳ, ಅದಕ್ಕೆ ಎರೆಹುಳದ ಚೂರು, ಮೇಲೆ ಬೆಂಡು, ಆಳ ಸೊಂಟದಷ್ಟು. ಸನ್‌ಫಿಶ್ ಅನ್ನುವ ಸಣ್ಣ ಮೀನು ಮೇಲಿಂದ ಮೇಲೆ ಕಚ್ಚುತ್ತದೆ. ಬೆಂಡು ಮುಳುಗಿದಾಗ ಮಗು ಕಿರುಚುತ್ತದಲ್ಲ, ಅದಕ್ಕೇ ಅಲ್ವಾ ಅಷ್ಟು ದೂರ ಹೋಗಿದ್ದು? ದೋಣಿ ಹತ್ತಿದರೆ 10 ವರ್ಷದೊಳಗಿನ ಮಕ್ಕಳ ಮೈಮೇಲೆ ಲೈಫ್ ಜಾಕೆಟ್ ಇರಲೇಬೇಕು, ಅಲ್ಲಿನ ಕಾನೂನೇ ಹಾಗೆ. ನನ್ನನ್ನು ಕೇಳಿದರೆ ಅಪ್ಪನಿಗೂ ಹಾಕಿಸಿ. ನೀರು ಮೇಲೆ ಬೆಚ್ಚಗಿದ್ದರೂ ಕೆಳಗೆ ಕೊರೆಯುತ್ತದೆ.

ಲೈಸೆನ್ಸ್ ಮನೆಯಲ್ಲೇ ಮಾಡಿಸಿಕೊಂಡು ಹೊರಡಿ. ಆ ರಾಜ್ಯದವರಾದರೆ 16 ತುಂಬಿದ ಮೇಲೆ ಬೇಕು. ಊರಿಂದ ಬಂದ ಅಪ್ಪ ಅಮ್ಮ ಗಾಳ ಹಿಡಿಯುವುದಾದರೆ ಅವರಿಗೆ ಹೊರಗಿನವರ ಲೈಸೆನ್ಸ್, ಒಂದು ದಿನದ್ದು, ಮೂರು ದಿನದ್ದು, ವಾರದ್ದು ಸಿಗುತ್ತದೆ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ. ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಉದ್ದದ್ದನ್ನು ಬಿಡಬೇಕು ಅನ್ನುವುದು ಕೆರೆಯಿಂದ ಕೆರೆಗೆ ಬೇರೆ. ಹೋದ ವರ್ಷದ ಲೆಕ್ಕ ಹೇಳಬೇಡಿ, ಹೊಸದಾಗಿ ಓದಿ. ಮನೆಯ ಫ್ರೀಜರ್‌ನಲ್ಲಿ ಇರುವ ಮೀನೂ ಆ ಲೆಕ್ಕಕ್ಕೆ ಸೇರುತ್ತದೆ, ಇದು ಬಹಳ ಜನರಿಗೆ ಗೊತ್ತೇ ಇಲ್ಲ. ದೊಡ್ಡ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ಬೇಗ ಫೋಟೋ ತೆಗೆದು ಬಿಟ್ಟುಬಿಡಿ. ವಯಸ್ಸಾದ ಮೀನಿನಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ, ಬಸುರಿಯರಿಗೂ ಮಕ್ಕಳಿಗೂ ಅದು ಬೇಡ. ಸಾರಿಗೆ ಸಣ್ಣದೇ ರುಚಿ.

ಬಟ್ಟೆ ವಿಷಯ ಜಾಸ್ತಿ ಹೇಳುವುದಿಲ್ಲ. ಜುಲೈನಲ್ಲೂ ರಾತ್ರಿಗೆ ಸ್ವೆಟರ್ ಬೇಕು. ಸಂಜೆಗೆ ತುಂಬುತೋಳಿನ ಅಂಗಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಚಂದ ಕಾಣದಿದ್ದರೂ ಪರವಾಗಿಲ್ಲ. ಹುಲ್ಲಿನಲ್ಲಿ ಓಡಾಡಿ ಬಂದರೆ ಮಕ್ಕಳ ಕಿವಿ ಹಿಂದೆ, ಮೊಣಕಾಲ ಸಂದಿ, ತಲೆ ಎಲ್ಲ ತಡವಿ ರಕ್ತ ಹೀರುವ ಉಣ್ಣೆ ಹುಳ ಕಚ್ಚಿದೆಯಾ ನೋಡಿ. ಅಲ್ಲಿನ ಉಣ್ಣೆಯಿಂದ ಲೈಮ್ ಕಾಯಿಲೆ ಬರುತ್ತದೆ. ಸೊಳ್ಳೆಗೆ ಹಚ್ಚುವ ಡೀಟ್ ಔಷಧಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿದ ಅಂಗೈಯಲ್ಲಿ ಗಾಳದ ದಾರ ಮುಟ್ಟಬೇಡಿ.

ಅಡುಗೆಗೆ ಮಸಾಲೆ ಮನೆಯಲ್ಲೇ ರುಬ್ಬಿಕೊಂಡು ಹೋಗಿ. ಕ್ಯಾಬಿನ್ನಿನಲ್ಲಿ ಬಾಣಲೆ ಇರುತ್ತದೆ, ಮಿಕ್ಸಿ ಎಲ್ಲಿಂದ ಬರಬೇಕು? ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಯಿ, ಹುಳಿ, ನಿಮ್ಮ ಮನೆಯ ಪದ್ಧತಿ ಹೇಗೋ ಹಾಗೆ. ನೀರು ಆದಷ್ಟು ಕಡಿಮೆ. ಕವರಿಗೆ ಹಾಕಿ ಚಪ್ಪಟೆ ಮಾಡಿ ಫ್ರೀಜ್ ಮಾಡಿ. ಹುರಿಯುವುದಾದರೆ ಹೊರಗಿನ ಒಲೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನಮ್ಮ ಮೆಣಸಿನ ಘಾಟಿಗೆ ಒಳಗಿನ ಹೊಗೆ ಅಲಾರಾಂ ಹೊಡೆದುಕೊಂಡರೆ ಪಕ್ಕದ ಕ್ಯಾಬಿನ್ನಿನವರೂ ಹೊರಗೆ ಬಂದು ನಿಲ್ಲುತ್ತಾರೆ.

ಈಗ ಐಸ್ ಪೆಟ್ಟಿಗೆ. ಇದೊಂದನ್ನು ನಾನು ಯಾರ ಕೈಗೂ ಬಿಡುವುದಿಲ್ಲ.

ಪೆಟ್ಟಿಗೆ ಎರಡು ಇರಬೇಕು. ಒಂದು ತಿನ್ನುವ ಕುಡಿಯುವ ಸಾಮಾನಿಗೆ, ಅದನ್ನು ಮಕ್ಕಳು ಗಳಿಗೆಗೊಮ್ಮೆ ತೆರೆಯುತ್ತಾರೆ, ತೆರೆಯಲಿ. ಇನ್ನೊಂದು ಮೀನಿಗೆ ಮಾತ್ರ. ಮೀನಿನ ಪೆಟ್ಟಿಗೆಗೆ ಕೆಳಗೆ ನೀರು ಇಳಿಯುವ ತೂತು ಇರಲೇಬೇಕು, ಇಲ್ಲದ್ದನ್ನು ಕೊಳ್ಳಬೇಡಿ. ಹೊರಡುವ ಎರಡು ದಿನ ಮೊದಲೇ ಹಾಲಿನ ಖಾಲಿ ಕ್ಯಾನುಗಳಿಗೆ ಮುಕ್ಕಾಲು ನೀರು ತುಂಬಿ ಫ್ರೀಜರ್‌ಗೆ ಇಡಿ. ಪೂರ್ತಿ ತುಂಬಿದರೆ ಒಡೆಯುತ್ತದೆ. ಹಿಂದಿನ ರಾತ್ರಿ ಪೆಟ್ಟಿಗೆಗೆ ಒಂದು ಕ್ಯಾನ್ ಹಾಕಿ ಮುಚ್ಚಿಡಿ. ಗರಾಜಿನಲ್ಲಿ ಕಾದ ಪೆಟ್ಟಿಗೆಗೆ ಬೆಳಿಗ್ಗೆ ನೇರವಾಗಿ ಐಸ್ ಸುರಿದರೆ ಅರ್ಧ ಐಸ್ ಪೆಟ್ಟಿಗೆಯನ್ನು ತಣ್ಣಗೆ ಮಾಡುವುದಕ್ಕೇ ಹೋಗುತ್ತದೆ. ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಪುಡಿ ಐಸ್ ಬೇಗ ತಣ್ಣಗೆ ಮಾಡುತ್ತದೆ, ಎರಡೂ ಬೇಕು. ಕ್ಯಾನುಗಳು ತಳಕ್ಕೆ, ಅವುಗಳ ಮೇಲೆ ಪುಡಿ ಐಸಿನ ದಪ್ಪ ಹಾಸಿಗೆ. ಮೀನಿನ ಮೈಗೆ ಗಡ್ಡೆ ನೇರವಾಗಿ ತಾಗಿದರೆ ಮಾಂಸ ಜಜ್ಜಿಹೋಗುತ್ತದೆ.

ಗಂಗೊಳ್ಳಿಯಲ್ಲಿ ನಮ್ಮ ಅಮ್ಮ ಮೀನು ಮಾರುತ್ತಿದ್ದಳು. ಐಸ್ ಪ್ಲಾಂಟಿನಿಂದ ಬಂದ ಗಡ್ಡೆಯನ್ನು ಗೋಣಿಚೀಲದೊಳಗೆ ಹಾಕಿ ಕೊಡತಿಯಿಂದ ಕುಟ್ಟುವುದು ನನ್ನ ಕೆಲಸ. ಪುಡಿ ದೊಡ್ಡದಾದರೆ ಬೈಗುಳ, ತೀರಾ ಸಣ್ಣದಾದರೂ ಬೈಗುಳ, ಅವಲಕ್ಕಿಗಿಂತ ದೊಡ್ಡದು, ಅಡಿಕೆಗಿಂತ ಚಿಕ್ಕದು ಆಗಬೇಕು. ಒಂದು ಸಾಲು ಐಸ್, ಒಂದು ಸಾಲು ಬಂಗುಡೆ, ಮತ್ತೆ ಐಸ್. ಬುಟ್ಟಿಯ ಸಂದಿಯಿಂದ ನೀರು ತೊಟ್ಟಿಕ್ಕುತ್ತಲೇ ಇರಬೇಕು. ತೊಟ್ಟಿಕ್ಕುವುದು ನಿಂತರೆ ಅಮ್ಮ ಬುಟ್ಟಿ ಎತ್ತಿ ಅಲುಗಾಡಿಸುತ್ತಿದ್ದಳು. ನಾಲ್ಕು ಅಂಗಡಿ ದೂರದ ಗಿರಾಕಿಯೂ ಅವಳ ಬುಟ್ಟಿಗೇ ಬರುತ್ತಿದ್ದದ್ದು ಸುಮ್ನೆ ಅಲ್ಲ.

ಲೇಕಿನಲ್ಲೂ ಅದೇ ಕೆಲಸ. ಇಟ್ಟುಕೊಳ್ಳುವ ಮೀನು ಅಂತ ಗೊತ್ತಾದ ಕೂಡಲೇ ತಲೆಗೆ ಒಂದು ಪೆಟ್ಟು ಕೊಡಿ, ಕಿವಿರಿನ ಹತ್ತಿರ ಕೊಯ್ದು ರಕ್ತ ಇಳಿಸಿ, ತಕ್ಷಣ ಐಸಿಗೆ. ಬಕೆಟ್ ನೀರಿನಲ್ಲಿ ಒದ್ದಾಡಿ ಸಾಯಲು ಬಿಟ್ಟ ಮೀನು ಒಲೆಗೆ ಬರುವ ಹೊತ್ತಿಗೆ ಸಪ್ಪೆಯಾಗಿರುತ್ತದೆ. ದಡಕ್ಕೆ ಬಂದ ಮೇಲೆ ರೆಸಾರ್ಟಿನ ಮೀನು ಕೊಯ್ಯುವ ಮನೆಯಲ್ಲಿ ಕರುಳು ತೆಗೆಯಿರಿ, ಕರುಳನ್ನು ಕೆರೆಗೆ ಎಸೆಯುವಂತಿಲ್ಲ. ಬೆನ್ನುಮೂಳೆಗೆ ಅಂಟಿದ ಕಪ್ಪು ರಕ್ತದ ಗೆರೆ ಇರುತ್ತದೆ, ಅದನ್ನು ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆಯಬೇಕು. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಕೆಸರು ವಾಸನೆ ಅನ್ನುತ್ತಾರೆ. ಒಂದೇ ಸಲ ತೊಳೆದು ಒರೆಸಿ. ಹೊಟ್ಟೆಯೊಳಗೆ ಒಂದು ಹಿಡಿ ಪುಡಿ ಐಸ್ ತುಂಬಿ, ಹೊಟ್ಟೆ ಕೆಳಗೆ ಬರುವ ಹಾಗೆ ಮಲಗಿಸಿ. ಕರಗಿದ ನೀರು ಒಳಗೆ ನಿಲ್ಲದೆ ಇಳಿದುಹೋಗುತ್ತದೆ. ಒಂದಕ್ಕೊಂದು ತಾಗಬಾರದು. ಮೇಲೆ ಮತ್ತೆ ಐಸ್, ಅದರ ಮೇಲೆ ಒದ್ದೆ ಮಾಡಿ ಹಿಂಡಿದ ಟವೆಲ್, ಆಮೇಲೆ ಮುಚ್ಚಳ. ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು ತೂತಿನ ಎದುರು ಬದಿಗೆ ಒಂದು ಕಟ್ಟಿಗೆ ತುಂಡು ಕೊಟ್ಟು ಓರೆ ಮಾಡಿ, ತೂತು ತೆರೆದೇ ಇರಲಿ. ಬೆಳಿಗ್ಗೆ ಸಂಜೆ ಐಸ್ ನೋಡಿ, ಇಳಿದಿದ್ದರೆ ಮೇಲೆ ಸುರಿಯಿರಿ. ಹೀಗಿಟ್ಟರೆ ಎರಡು ದಿನವಾದರೂ ಬೆರಳಿನಿಂದ ಒತ್ತಿದ ಜಾಗ ಮೇಲೆದ್ದು ಬರುತ್ತದೆ.

ಮನೆಗೆ ತರುವಾಗ ತುಂಡು ಮಾಡಿ ಒಂದೇ ಕವರಿಗೆ ತುರುಕಬೇಡಿ. ದಾರಿಯಲ್ಲಿ ಅಧಿಕಾರಿ ನಿಲ್ಲಿಸಿದರೆ ಯಾವ ಮೀನು, ಎಷ್ಟು ಅಂತ ಎಣಿಸಲು ಬರಬೇಕು. ಫಿಲೆ ಮಾಡಿದರೂ (ಮುಳ್ಳು ಬಿಡಿಸಿ ಮಾಂಸದ ಹೋಳು ತೆಗೆದರೂ) ಚಿಪ್ಪು ಇರುವ ಚರ್ಮದ ತುಣುಕು ಬಿಡಬೇಕು ಅಂತ ನಿಯಮವಿದೆ. ನಾನು ತಲೆ ಸಮೇತ ಇಡೀ ಮೀನೇ ತರುತ್ತೇನೆ. ತಲೆ ಇಲ್ಲದ ಸಾರು ಯಾರಿಗೆ ಬೇಕು? ವಾಲ್‌ಐ ಮಾಂಸ ಮೆತ್ತಗೆ, ಮಸಾಲೆ ಚೆನ್ನಾಗಿ ಕುದಿದ ಮೇಲೆ ಹಾಕಿ, ಸೌಟು ತಾಗಿಸದೆ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿ. ನಾರ್ದರ್ನ್ ಪೈಕ್ ಅನ್ನುವ ಮೀನಿನಲ್ಲಿ ಕವಲು ಮುಳ್ಳು ಇರುತ್ತದೆ, ಮಕ್ಕಳಿಗೆ ಕೊಡುವಾಗ ಬಿಡಿಸಿ ಕೊಡಿ.

ನಿಮ್ಮದೇ ದೋಣಿ ಒಯ್ದಿದ್ದರೆ ಕೆರೆ ಬಿಡುವ ಮೊದಲು ತಳದ ಬಿರಡೆ ತೆಗೆದು ನೀರೆಲ್ಲ ಹರಿಸಿ, ಅಂಟಿದ ಕಳೆ ಕಿತ್ತುಹಾಕಿ. ಜೀಬ್ರಾ ಮಸೆಲ್ ಅನ್ನುವ ಸಣ್ಣ ಕಪ್ಪೆಚಿಪ್ಪು ಒಂದು ಕೆರೆಯಿಂದ ಇನ್ನೊಂದಕ್ಕೆ ಹೀಗೇ ಹರಡುತ್ತದೆ. ಮೊದಲ ಸಲಕ್ಕೆ ರೆಸಾರ್ಟಿನ ದೋಣಿಯೇ ಬಾಡಿಗೆಗೆ ಹಿಡಿಯಿರಿ, ಈ ತಲೆನೋವೇ ಇಲ್ಲ. ಉಳಿದ ಎರೆ ಕಸದ ಬುಟ್ಟಿಗೆ, ನೀರಿಗಲ್ಲ.

ಪೆಟ್ಟಿಗೆಯನ್ನು ಬಂದ ರಾತ್ರಿಯೇ ತೊಳೆಯಿರಿ, ಎಷ್ಟು ಸುಸ್ತಾಗಿದ್ದರೂ ಸರಿ. ಮೊದಲು ತಣ್ಣೀರು, ಆಮೇಲೆ ಸೋಪು, ಕೊನೆಗೆ ಅಡುಗೆ ಸೋಡಾ. ಮೊದಲೇ ಬಿಸಿನೀರು ಹಾಕಿದರೆ ಲೋಳೆ ಬೆಂದು ಅಂಟಿಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಸಂದಿಗೆ ಹಳೇ ಹಲ್ಲುಜ್ಜುವ ಬ್ರಶ್ ಹಾಕಿ. ಪೆಟ್ಟಿಗೆ ಒಂದು ದಿನ ಬಿಸಿಲಿನಲ್ಲಿ ಬಾಯಿ ತೆರೆದು ಒಣಗಲಿ. ಎತ್ತಿಡುವಾಗ ಮುಚ್ಚಳವನ್ನು ಗಟ್ಟಿಯಾಗಿ ಮುಚ್ಚಬೇಡಿ, ಸಂದಿಗೆ ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿ ಇಡಿ.