ಡೀಸೆಲ್ ಎಂಜಿನ್ನಿಗೆ ಹಿಂದಿನ ಆಕ್ಸಲ್: 4.56 ಬಿಟ್ಟು 3.54

ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಮೇಲೆ ಗಾಡಿ 80 ಕಿ.ಮೀ. ವೇಗಕ್ಕೇ ಕಿರುಚುತ್ತಿತ್ತು. ಎಂಜಿನ್ ಚೆನ್ನಾಗಿಯೇ ಇತ್ತು. ಹಳೆಯ 4.56 ಆಕ್ಸಲ್ (ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.56 ಸುತ್ತು ತಿರುಗಬೇಕು) ಅದಕ್ಕೆ ಒಗ್ಗಲಿಲ್ಲ, ಅಷ್ಟೇ.

ಲೆಕ್ಕ ಸುಲಭ. ಗಂಟೆಗೆ 80 ಕಿ.ಮೀ. ಅಂದರೆ ನಿಮಿಷಕ್ಕೆ 1,333 ಮೀಟರ್. ಟೈರಿನ ಸುತ್ತಳತೆ 2.2 ಮೀಟರ್, ಅಂದರೆ ಚಕ್ರ 606 ಸುತ್ತು. ಟಾಪ್ ಗೇರ್ 1:1, ಅಂದರೆ ಎಂಜಿನ್ ತಿರುಗಿದಷ್ಟೇ ಆ ಶಾಫ್ಟೂ ತಿರುಗುತ್ತದೆ. ಚಕ್ರದ 606 ಸುತ್ತನ್ನು 4.56ರಿಂದ ಗುಣಿಸಿದರೆ ಎಂಜಿನ್ ಸುಮಾರು 2,760 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಈ ಎಂಜಿನ್ನಿಗೆ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ಸಿಗುವುದು 1,800ರಿಂದ 2,200ರೊಳಗೆ. 3.54 ಹಾಕಿದರೆ 2,145 ಬರುತ್ತದೆ. 3.31 ಇನ್ನೂ ಆರಾಮ ಅನ್ನಿಸಬಹುದು, ಆದರೆ ಭಾರ ಹೊತ್ತು ಏರಿನಲ್ಲಿ ಹೊರಡುವಾಗ ಸುಮ್ನೆ ಕ್ಲಚ್ ಸವೆಯುತ್ತದೆ. ಬೇಡ ಅಂತ ಬಿಟ್ಟೆ.

ಅಂದಹಾಗೆ, ಆಕ್ಸಲ್ ಬದಲಿಸಿದ ಮೇಲೆ, ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದ ಬರುತ್ತಿದ್ದರೆ ಅದೂ ಸುಳ್ಳು ಹೇಳುತ್ತದೆ. ನಿಜವಾದ ವೇಗ 80 ಇದ್ದಾಗ 62 ತೋರಿಸುತ್ತಿತ್ತು. ಅದರ ಡ್ರೈವ್ ಗೇರನ್ನೂ ಬದಲಿಸಿದೆ.