ಒಂದು ಫಿರಂಗಿ, ಎಂಟು ಜೋಡಿ ಕೈ

ಹಗ್ಗ ಎಳೆದು ಫಿರಂಗಿ ಹಾರಿಸಲು ಒಬ್ಬ ಸಾಕು. ಉಳಿದವರ ಬೆವರೆಲ್ಲ ಹರಿಯುವುದು ಅದಕ್ಕೂ ಮುಂಚೆ. ನಾಲ್ಕು ಟನ್ನಿಗೂ ಮಿಕ್ಕಿ ತೂಗುವ 155 ಮಿ.ಮೀ. ಬಾಯಿಯ ಎಂ777 ಹೊವಿಟ್ಜರಿಗೆ (ಗುಂಡನ್ನು ಎತ್ತರಕ್ಕೆ ಚಿಮ್ಮಿಸಿ ದೂರಕ್ಕೆ ಬೀಳಿಸುವ ಫಿರಂಗಿ) ಸಾಮಾನ್ಯವಾಗಿ ಎಂಟು ಮಂದಿಯ ತಂಡವಿರುತ್ತದೆ.

ಮೊದಲು ನೆಲೆ. ಫಿರಂಗಿಯ ಕಾಲುಗಳನ್ನು ಅಗಲಿಸಿ, ಹಿಂದಿನ ಸಲಿಕೆಗಳನ್ನು ನೆಲಕ್ಕೆ ಊರಬೇಕು. ಇಲ್ಲಿ ಎಲ್ಲರೂ ಕೂಲಿಗಳೇ.

ಆಮೇಲೆ ಗುರಿ. ಗುರಿ ಹತ್ತಾರು ಕಿಲೋಮೀಟರ್ ಆಚೆಗಿರುವುದರಿಂದ ತಂಡದ ಕಣ್ಣಿಗೆ ಬೀಳುವುದೇ ಇಲ್ಲ. ಲೆಕ್ಕ ಹಾಕುವವರು ಬೇರೆಡೆಯಿಂದ ಕೋನಗಳನ್ನು ತಿಳಿಸುತ್ತಾರೆ. ಎಡಗಡೆಯ ಗನ್ನರ್ ನಳಿಗೆಯನ್ನು ಅಡ್ಡಕ್ಕೆ ತಿರುಗಿಸಿದರೆ, ಬಲಗಡೆಯ ಸಹಾಯಕ ಅದರ ಏರಿಳಿತ ಹೊಂದಿಸುತ್ತಾನೆ. ಇಬ್ಬರದ್ದನ್ನೂ ತಂಡದ ಮುಖ್ಯಸ್ಥ ಮತ್ತೆ ನೋಡುತ್ತಾನೆ. ಬ್ರಿಟಿಷ್ ಸಂಪ್ರದಾಯದ ಸೇನೆಗಳಲ್ಲಿ ಅವನ ಹೆಸರೇ ‘ನಂಬರ್ ಒನ್’.

ಅಷ್ಟರಲ್ಲಿ ಹಿಂದುಗಡೆ ಕೆಲವರು ಶೆಲ್ಲಿನ, ಅಂದರೆ ಸಿಡಿಗುಂಡಿನ, ಮೂತಿಗೆ ಅದನ್ನು ಸಿಡಿಸುವ ಫ್ಯೂಸ್ ತಿರುಗಿಸಿ ಕೂರಿಸುತ್ತಾರೆ, ಅದನ್ನು ಹಾರಿಸಲು ದೂರಕ್ಕೆ ತಕ್ಕಷ್ಟು ಮದ್ದು ಎಣಿಸಿಡುತ್ತಾರೆ.

ಈಗ ತುಂಬುವ ಸರದಿ. ಗುಟ್ಟೆಲ್ಲ ಇಲ್ಲೇ ಇದೆ. ಶೆಲ್ ಸುಮಾರು 43 ಕೆ.ಜಿ. ಅದನ್ನು ನಳಿಗೆಯೊಳಗೆ ಬಲವಾಗಿ ದೂಡಿದಾಗ, ಅದರ ಸೊಂಟದ ಮೆದು ಲೋಹದ ಪಟ್ಟಿ ನಳಿಗೆಯ ಒಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳಬೇಕು. ಅರೆಮನಸ್ಸಿನಿಂದ ದೂಡಿದರೆ, ನಳಿಗೆ ಮೇಲೆದ್ದಾಗ ಶೆಲ್ ಜಾರಿ ಮದ್ದಿನ ಮೇಲೆ ಬೀಳಬಹುದು. ಶೆಲ್ಲಿನ ಬೆನ್ನಿಗೆ ಮದ್ದು. ಚೀಲದ ಮದ್ದಾದರೆ ಕೆಂಪು ಬಟ್ಟೆಯ ತುದಿ ಹಿಂದಕ್ಕೇ ಇರಬೇಕು, ಕಿಡಿ ತಗಲುವುದು ಅಲ್ಲಿಗೆ. ನಳಿಗೆಯ ಹಿಂಬಾಗಿಲು ಮುಚ್ಚಿ, ಕಿಡಿ ಹೊತ್ತಿಸುವ ಪ್ರೈಮರ್ ಇಟ್ಟು, ಅಪ್ಪಣೆ ಬಂದ ಮೇಲೆ ಹಗ್ಗ.

ಗುಂಡು ಹಾರಿತೆಂದು ಕೈಕಟ್ಟಿ ನಿಲ್ಲುವಂತಿಲ್ಲ. ಬಾಗಿಲು ತೆರೆದು ಒಳಗೆ ಇಣುಕಿ, ಒದ್ದೆ ಒರೆಸುಕೋಲಿನಿಂದ ಒರೆಸಬೇಕು. ಉಳಿದ ಒಂದು ಕೆಂಡ ಮುಂದಿನ ಮದ್ದನ್ನು ತುಂಬುವವನ ಕೈಯಲ್ಲೇ ಹೊತ್ತಿಸಬಹುದು. ನನ್ನ ಲೆಕ್ಕದಲ್ಲಿ ಇಡೀ ತಂಡದ ಆಯುಸ್ಸು ಈ ಕೋಲಿನವನ ಕೈಯಲ್ಲಿದೆ.

ಜನ ಎಷ್ಟಿರಬೇಕೆಂಬುದನ್ನು ಯಂತ್ರ ನಿರ್ಧರಿಸುತ್ತದೆ. 1942ರಲ್ಲಿ ಕ್ರಿಮಿಯಾದ ಸೆವಸ್ತೊಪೋಲ್ ನಗರದ ಮೇಲೆ ಗುಂಡು ಸುರಿಸಿದ ಜರ್ಮನಿಯ 80 ಸೆಂ.ಮೀ. ರೈಲು ಫಿರಂಗಿಯನ್ನು ಜೋಡಿಸುವುದಕ್ಕೇ ನೂರಾರು ಮಂದಿ ಬೇಕಾದರು. ಲಾರಿಯ ಮೇಲೆ ಕೂರಿಸಿದ ಸ್ವೀಡನ್ನಿನ ಆರ್ಚರ್ ಫಿರಂಗಿಯಲ್ಲಿ ತುಂಬುವ ಕೆಲಸ ಯಂತ್ರದ್ದೇ, ಮೂರು-ನಾಲ್ಕು ಮಂದಿ ಲಾರಿಯ ಕ್ಯಾಬಿನ್ನಿನಲ್ಲೇ ಕುಳಿತು ಹಾರಿಸುತ್ತಾರೆ. ಎಂ777 ಅನ್ನು ಐವರೇ ನಡೆಸಲೂ ಬಹುದು. ವೇಗ ಇಳಿಯುತ್ತದೆ, ಒಬ್ಬೊಬ್ಬರಿಗೆ ಎರಡೆರಡು ಕೆಲಸ ಬೀಳುತ್ತದೆ. ಒರೆಸುವುದನ್ನು ಮಾತ್ರ ಯಾರೂ ಕೈಬಿಡುವಂತಿಲ್ಲ.