ಫೋನು ಮನೆಗೆ ಬರುವ ಹೊತ್ತಿಗೆ ಪಾಠ

ಮುಂಬೈಯ ಒಂದು ಪಾಲಿಕೆ ಶಾಲೆಯಲ್ಲಿ ನಾನು ಕನ್ನಡ ಮಾಧ್ಯಮದ 3 ಮತ್ತು 4ನೇ ತರಗತಿಗಳಿಗೆ ಪಾಠ ಮಾಡುತ್ತೇನೆ. ಕರ್ನಾಟಕದ ಕಡೆಯ ಎಷ್ಟೋ ಜನರಿಗೆ ಇಲ್ಲಿ ಕನ್ನಡ ಶಾಲೆ ಇದೆ ಅಂತಲೇ ಗೊತ್ತಿಲ್ಲ. ಮುಂಬೈ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಹೀಗೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಅಪ್ಪಂದಿರು ಕಟ್ಟಡದ ಕೆಲಸ, ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಚೌಕದಲ್ಲಿ, ನಿಂತು ಸಿಕ್ಕ ಕೆಲಸ. ಅಮ್ಮಂದಿರು ಮನೆಗೆಲಸ. ಹೋಟೆಲಿನಲ್ಲಿ ದುಡಿಯುವ ಕರಾವಳಿಯವರ ಮಕ್ಕಳೂ ಕೆಲವರಿದ್ದಾರೆ.

2020ರ ಮಾರ್ಚ್ ಮಧ್ಯದಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು. ನನ್ನ ತರಗತಿಯ ಬಾಗಿಲು ಮತ್ತೆ ಸರಿಯಾಗಿ ತೆರೆದದ್ದು 2021ರ ಡಿಸೆಂಬರ್ 15ಕ್ಕೆ. 8ರಿಂದ ಮೇಲಿನವರಿಗೆ ಅಕ್ಟೋಬರ್ 4ಕ್ಕೇ ಶುರುವಾಗಿತ್ತು, ಚಿಕ್ಕವರು ಕಾಯಬೇಕಾಯಿತು. ಅಂದರೆ ಮಾರ್ಚ್ 2020ರಲ್ಲಿ 2ನೇ ತರಗತಿಯಲ್ಲಿದ್ದ ಮಗು ಶಾಲೆಗೆ ವಾಪಸ್ ಬರುವಾಗ 4ನೇ ತರಗತಿಯಲ್ಲಿತ್ತು. ಮಧ್ಯದ ಒಂದು ಇಡೀ ತರಗತಿಯನ್ನು ಆ ಮಗು ಬೆಂಚಿನ ಮೇಲೆ ಕೂತು ನೋಡಲೇ ಇಲ್ಲ. ಆ ಅವಧಿಯಲ್ಲಿ ನಾನು ಹೇಗೆ ಪಾಠ ನಡೆಸಿದೆ, ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಅಂತ ಬರೆದಿಡಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

2020ರ ಜೂನ್ 15ಕ್ಕೆ ಎಂದಿನಂತೆ ಹೊಸ ಶಾಲಾ ವರ್ಷ ಶುರುವಾಯಿತು, ಶಾಲೆ ಇಲ್ಲದೆ. ಶಾಲೆ ಮುಚ್ಚಿದ್ದರೂ ಶಿಕ್ಷಣ ನಡೆಯುತ್ತಿದೆ ಅನ್ನುವುದು ಆಗ ಮಹಾರಾಷ್ಟ್ರದಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಗೂಗಲ್ ಮೀಟ್ ಹಾಕಿದರೆ ಬೆರಳೆಣಿಕೆಯ ಮಕ್ಕಳು ಬರುತ್ತಿದ್ದರು. ಬಂದವರಲ್ಲೂ ಒಬ್ಬೊಬ್ಬರೇ ಮಾಯವಾಗುತ್ತಿದ್ದರು. ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ಕೆಲವರು ಹೇಳಿದರು. ನನಗೆ ಹಾಗೆ ಅನಿಸಲಿಲ್ಲ. ಶಾಲೆಯಲ್ಲಿ ಬೆಲ್ ಆಗುವ ಮೊದಲೇ ಬಂದು ಕೂರುತ್ತಿದ್ದ ಮಕ್ಕಳು ಇವರು. ಅದಕ್ಕೆ ಒಂದೊಂದು ಮನೆಗೂ ಫೋನ್ ಮಾಡಿ, ಪಾಠದ ವಿಷಯ ಬಿಟ್ಟು, ಫೋನಿನ ವಿಷಯ ಮಾತ್ರ ಕೇಳುತ್ತಾ ಹೋದೆ.

ಒಬ್ಬ ತಾಯಿ ಹೇಳಿದ್ದು ಇನ್ನೂ ನೆನಪಿದೆ: "ಅಕ್ಕೋರ, ಫೋನು ನಮ್ಮ ಮನಿಯವ್ರ ಕೈಯಾಗ ಇರ್ತದ್ರಿ. ಮುಕಾದಮ ಕೆಲಸಕ್ಕ ಕರೀಬೇಕಂದ್ರ ಅದಕ್ಕ ಹಚ್ಚತಾನ. ಅವ್ರು ರಾತ್ರಿ ಒಂಬತ್ತಕ್ಕ ಬರ್ತಾರ." ಮುಕಾದಮ ಅಂದರೆ ಕೂಲಿಗೆ ಕರೆಯುವ ಮೇಸ್ತ್ರಿ. ಇಷ್ಟೇ ವಿಷಯ. ಅಪ್ಪನ ಕೂಲಿಯೇ ಆ ಫೋನಿನಲ್ಲಿದೆ. ಅದನ್ನು ಮಗುವಿನ ಕೈಗೆ ಕೊಟ್ಟು ಹೋಗಿ ಅಂತ ಹೇಗೆ ಹೇಳುವುದು?

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಪಟ್ಟಿ ಮಾಡಿದೆ. ಮಗುವಿನ ಹೆಸರು, ಫೋನ್ ಯಾರದು, ಸ್ಮಾರ್ಟ್‌ಫೋನಾ, ಬಟನ್ ಇದ್ದರೂ ಆಗ ವಾಟ್ಸಾಪ್ ಬರುತ್ತಿದ್ದ ಜಿಯೋಫೋನಾ, ಬರೀ ಬಟನ್ ಫೋನಾ, ಎಷ್ಟು ಹೊತ್ತಿಗೆ ಮನೆಯಲ್ಲಿ ಇರುತ್ತದೆ, ಆ ಒಂದೇ ಫೋನಿಗೆ ಮನೆಯಲ್ಲಿ ಎಷ್ಟು ಮಕ್ಕಳು, ರೀಚಾರ್ಜ್ ಯಾವಾಗ ಮುಗಿಯುತ್ತದೆ, ಮನೆಯಲ್ಲಿ ಕನ್ನಡ ಓದಲು ಬರುವವರು ಯಾರು. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾಯಿತು. ಎಷ್ಟೋ ಮನೆಗಳಲ್ಲಿ ಅಕ್ಕನೋ ಅಣ್ಣನೋ ಹಿಂದಿ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಅವರು ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅಂಥ ಮನೆಗೆ ಹೋಮ್‌ವರ್ಕಿನ ಹಾಳೆ ಕಳಿಸಿ "ಅಕ್ಕನ ಹತ್ತಿರ ಕೇಳು" ಅಂದರೆ ಏನು ಉಪಯೋಗ, ಅಲ್ವಾ?

ಆ ಪಟ್ಟಿ ಮುಂದಿಟ್ಟುಕೊಂಡು ಟೈಮ್‌ಟೇಬಲ್ ಮಾಡಿದೆ. ಬೆಳಿಗ್ಗೆ ಏಳರಿಂದ ಎಂಟು ಒಂದು ಗುಂಪು, ಅಪ್ಪ ಹೊರಡುವ ಮೊದಲು. ರಾತ್ರಿ ಒಂಬತ್ತರ ಮೇಲೆ ಇನ್ನೊಂದು. ಭಾನುವಾರ ಮಧ್ಯಾಹ್ನ ಉಳಿದವರು. ಜುಲೈ ಹೊತ್ತಿಗೆ ಕೇಂದ್ರದ ಪ್ರಜ್ಞಾತ ಮಾರ್ಗಸೂಚಿ ಬಂತು. 1ರಿಂದ 8ನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿಗಿಂತ ಜಾಸ್ತಿ ಪರದೆಯ ಪಾಠ ಬೇಡ ಅಂತ. ನಮ್ಮ ಮಕ್ಕಳಿಗೆ ಅಷ್ಟು ಹೊತ್ತು ಫೋನೇ ಸಿಗುತ್ತಿರಲಿಲ್ಲ. ರಾಜ್ಯದಲ್ಲಿ ಪಠ್ಯವನ್ನೂ ಶೇಕಡಾ 25ರಷ್ಟು ಇಳಿಸಿದರು, ಅದರಿಂದ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು.

ವಿಡಿಯೊ ಪಾಠವನ್ನು ಬಹುತೇಕ ಬಿಟ್ಟೇಬಿಟ್ಟೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಕೊಡುವ 28 ದಿನದ ಪ್ಯಾಕಿಗೆ ಆಗ 199 ರೂಪಾಯಿ. ಲಾಕ್‌ಡೌನಿನಲ್ಲಿ ಕೂಲಿ ಇಲ್ಲದ ಮನೆಗೆ ಅದು ಅಕ್ಕಿಯ ದುಡ್ಡು. ವಾಟ್ಸಾಪ್ ಧ್ವನಿ ಸಂದೇಶ ಹಾಗಲ್ಲ. ತುಂಬಾ ಕಡಿಮೆ ಡೇಟಾ ಸಾಕು, ಚಿಕ್ಕ ಜಿಯೋಫೋನಿನಲ್ಲೂ ಆಗ ಕೇಳಿಸುತ್ತಿತ್ತು, ಮಗು ಬೇಕೆಂದಾಗ ಮತ್ತೆ ಹಾಕಿಕೊಳ್ಳಬಹುದು. ಒಂದು ಸಂದೇಶ ಮೂರು ನಾಲ್ಕು ನಿಮಿಷ, ಅದಕ್ಕಿಂತ ಉದ್ದ ಮಾಡುತ್ತಿರಲಿಲ್ಲ. ಮೊದಲ ಮಾತು ಯಾವಾಗಲೂ ಪುಟದ ಸಂಖ್ಯೆ. "ಪುಸ್ತಕ ತೆಗಿ, ಇಷ್ಟನೇ ಪುಟ, ಮೇಲೆ ಮರದ ಚಿತ್ರ ಇದೆ, ಅದರ ಕೆಳಗೆ ಬೆರಳಿಡು." ಆಮೇಲೆ ನಿಧಾನವಾಗಿ ಓದುವುದು, ಮಧ್ಯೆ ನಿಲ್ಲಿಸಿ "ಈಗ ನೀನು ಓದು" ಅಂತ ಹೇಳಿ, ಮಗು ಓದುವಷ್ಟು ಹೊತ್ತು ನಾನು ಸುಮ್ನೆ ಇರುವುದು. ರೆಕಾರ್ಡಿಂಗಿನಲ್ಲಿ ಆ ಖಾಲಿ ಜಾಗ ಬಿಡುವುದು ಬಹಳ ಮುಖ್ಯ. ಇಲ್ಲದಿದ್ದರೆ ಮಗು ಬರೀ ಕೇಳುತ್ತದೆ, ಓದುವುದಿಲ್ಲ.

ಪಾಲಕರು ಶಾಲೆಗೆ ಬಂದು ಪುಸ್ತಕ ಒಯ್ದಿದ್ದರು. ಸಿಗದವರಿಗೆ ರಾಜ್ಯದ ಪಠ್ಯಪುಸ್ತಕ ಮಂಡಳಿಯ ಇ-ಬಾಲಭಾರತಿ ಜಾಲತಾಣದ ಪಿಡಿಎಫ್ ಇತ್ತು, ಆದರೆ ಪೂರ್ತಿ ಪುಸ್ತಕದ ಫೈಲು ಚಿಕ್ಕ ಫೋನುಗಳಿಗೆ ಭಾರ. ಆ ದಿನದ ಪುಟ ಮಾತ್ರ ಫೋಟೊ ಮಾಡಿ ಕಳಿಸುತ್ತಿದ್ದೆ. ವಾಟ್ಸಾಪ್ ಗುಂಪಿನಲ್ಲಿ ನಾನೊಬ್ಬಳೇ ಬರೆಯುವ ಹಾಗೆ ಸೆಟ್ಟಿಂಗ್ ಇಟ್ಟೆ. ಶುಭೋದಯ, ದೇವರ ಫೋಟೊ, ಕೊರೊನಾ ಕಷಾಯದ ಮೆಸೇಜುಗಳ ಕೆಳಗೆ ಪಾಠ ಮುಚ್ಚಿಹೋದರೆ ಮಗು ಅದನ್ನು ಹುಡುಕುವಷ್ಟರಲ್ಲಿ ಅಪ್ಪ ಫೋನ್ ವಾಪಸ್ ಕೇಳುತ್ತಾರೆ. ಉತ್ತರ ಏನಿದ್ದರೂ ನನ್ನ ನಂಬರಿಗೆ ನೇರ.

ಬಟನ್ ಫೋನಿನ ಮನೆಗಳಿಗೆ ಕಾನ್ಫರೆನ್ಸ್ ಕಾಲ್. ಒಂದು ಸಲಕ್ಕೆ ನಾಲ್ಕು ಮಕ್ಕಳು. ಇದನ್ನು ಬೇರೆ ದಾರಿ ಇಲ್ಲ ಅಂತ ಶುರುಮಾಡಿದ್ದು. ನಿಜ ಹೇಳಬೇಕೆಂದರೆ ಎಲ್ಲದರಲ್ಲೂ ಚೆನ್ನಾಗಿ ಕಲಿಕೆ ಆದದ್ದು ಇದರಲ್ಲೇ, ಆಮೇಲೆ ಸ್ಮಾರ್ಟ್‌ಫೋನ್ ಇದ್ದವರನ್ನೂ ವಾರದಲ್ಲಿ ಒಂದು ದಿನ ಇದಕ್ಕೆ ಸೇರಿಸಿದೆ.

ಭಾಗಾಕಾರವನ್ನು ಹೀಗೆ ಫೋನಿನಲ್ಲೇ ಕಲಿಸಿದೆ. ಮೊದಲೇ ಮನೆಯವರಿಗೆ ಹೇಳಿಟ್ಟಿರುತ್ತಿದ್ದೆ: ಪೊರಕೆ ಕಡ್ಡಿ ಮುರಿದು ಹತ್ತತ್ತರ ಕಟ್ಟು ಮಾಡಿ, ರಬ್ಬರ್ ಹಾಕಿ, ಬಿಡಿ ಕಡ್ಡಿ ಸ್ವಲ್ಪ ಇಡಿ, ನಾಲ್ಕು ಸ್ಟೀಲ್ ಬಟ್ಟಲು ಇಡಿ. ಲೆಕ್ಕ 96ನ್ನು 4ರಿಂದ ಭಾಗಿಸುವುದು. ಒಂಬತ್ತು ಕಟ್ಟು, ಆರು ಬಿಡಿ.

"ಕಟ್ಟು ಹಂಚು ಮೊದಲು. ಒಬ್ಬೊಬ್ಬರಿಗೆ ಎಷ್ಟು ಬಂತು?"

"ಎರಡು ಟೀಚರ್. ಒಂದು ಕಟ್ಟು ಉಳೀತು."

"ಅದನ್ನ ನಾಲ್ಕು ಜನಕ್ಕೆ ಹಂಚೋಕೆ ಆಗುತ್ತಾ?"

ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ನಾಲ್ವರಲ್ಲಿ ಒಬ್ಬ ಹೇಳುತ್ತಾನೆ, "ರಬ್ಬರ್ ತೆಗೀಲಾ ಟೀಚರ್?" ತೆಗೆದರೆ ಹತ್ತು, ಮೊದಲಿನ ಆರು ಸೇರಿ ಹದಿನಾರು. ಬಟ್ಟಲಿಗೆ ಕಡ್ಡಿ ಬೀಳುವ ಸದ್ದು ಫೋನಿನಲ್ಲಿ ಕೇಳಿಸುತ್ತದೆ. ಒಂದೊಂದು ಬಟ್ಟಲಿಗೂ ನಾಲ್ಕು. ಅಷ್ಟಾದ ಮೇಲೆ "ಈಗ ಚೌಕುಳಿ ಹಾಳೆಯಲ್ಲಿ ಬರಿ" ಅಂತ ಹೇಳಿ, ಎಷ್ಟನೇ ಸಾಲು, ಎಷ್ಟನೇ ಚೌಕ ಅಂತ ಒಂದೊಂದಾಗಿ ಹೇಳಿ ಬರೆಸುವುದು. ಮೇಲಿನ 6ನ್ನು ಕೆಳಗೆ ಇಳಿಸುವುದು ಯಾಕೆ ಅಂತ ಎಷ್ಟೋ ವರ್ಷ ಬೋರ್ಡಿನ ಮೇಲೆ ಹೇಳಿದ್ದೇನೆ, ಇಷ್ಟು ಬೇಗ ಮಕ್ಕಳಿಗೆ ಹೊಳೆದದ್ದು ಕಡಿಮೆ. ಪರದೆ ಇಲ್ಲದ್ದರಿಂದ ಕೈ ಕೆಲಸ ಮಾಡಲೇಬೇಕಾಯಿತು.

ಓದಿನ ಪರೀಕ್ಷೆಗೆ ಬೇರೆ ಉಪಾಯ ಬೇಕಾಯಿತು. ಫೋನಿನಲ್ಲಿ ಮಗು ಸರಾಗವಾಗಿ ಓದಿದ ಹಾಗೆ ಕೇಳಿಸುತ್ತದೆ, ಆದರೆ ಕಣ್ಣು ಪುಸ್ತಕದ ಮೇಲೆ ಇರುವುದಿಲ್ಲ. ನನ್ನ ಧ್ವನಿ ಸಂದೇಶ ಅಷ್ಟು ಸಲ ಕೇಳಿ ಬಾಯಿಪಾಠ ಆಗಿರುತ್ತದೆ, ನಾನು ಎಲ್ಲಿ ಎಳೆದು ಓದಿದ್ದೇನೋ ಅಲ್ಲೇ ಮಗುವೂ ಎಳೆಯುತ್ತದೆ. ಅದಕ್ಕೆ ಕೇಳುತ್ತಿದ್ದೆ: ನಾಲ್ಕನೇ ಸಾಲಿನ ಕೊನೇ ಪದ ಯಾವುದು? ಕೆಳಗಿನಿಂದ ಮೇಲಕ್ಕೆ ಎರಡು ಸಾಲು ಓದು. ಈ ಪುಟದಲ್ಲಿ ಒತ್ತಕ್ಷರ ಇರುವ ಮೂರು ಪದ ಹುಡುಕಿ ಹೇಳು. ಅಲ್ಲಿ ತಡವರಿಸಿದ ಮಗು ಓದುತ್ತಿಲ್ಲ ಅಂತ ಗೊತ್ತಾಗುತ್ತಿತ್ತು. ಆ ಮಗುವಿಗೆ ಆ ವಾರ ಬೇರೆ ಏನೂ ಇಲ್ಲ, ಗುಣಿತಾಕ್ಷರದಿಂದ ಮತ್ತೆ ಶುರು. ತರಗತಿಯಲ್ಲಿ ಎಲ್ಲರ ಜೊತೆ ಸೇರಿ ಓದುವಾಗ ಇಂಥ ಮಕ್ಕಳು ಕಾಣದೆ ಉಳಿದುಬಿಡುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರ ದನಿ ಬೇರೆ ಬೇರೆ ಕೇಳಿದ್ದರಿಂದ ಸಿಕ್ಕಿದರು.

ಓದಲು ಬಾರದ ತಾಯಂದಿರನ್ನು ನಾನು ಪಾಠಕ್ಕೆ ಸೇರಿಸಿಕೊಂಡೆ. ಕೆಲಸ ಸುಲಭ. ಮಗು ಅಮ್ಮನಿಗೆ ಕಥೆ ಓದಿ ಹೇಳಬೇಕು, ಅಮ್ಮ ತನಗೆ ಅರ್ಥವಾದದ್ದನ್ನು ತನ್ನ ಮಾತಲ್ಲಿ ನನಗೆ ಧ್ವನಿ ಸಂದೇಶ ಮಾಡಬೇಕು. ಮೊದಮೊದಲು ನಾಚಿಕೆ. ಆಮೇಲೆ ಕುಕ್ಕರ್ ಸೀಟಿಯ ನಡುವೆ, ನಲ್ಲಿ ನೀರಿನ ಗಲಾಟೆಯ ನಡುವೆ ಎಷ್ಟು ಚಂದದ ಕಥೆಗಳು ಬಂದವು! ಅಮ್ಮ ಹೇಳಿದ ಕಥೆಯಲ್ಲಿ ಕೊನೆ ಇಲ್ಲ ಅಂದರೆ ಮಗು ಕೊನೆಯ ಪ್ಯಾರಾ ಓದಿಲ್ಲ ಅಂತ ಲೆಕ್ಕ. ಮಾತೃಭಾಷೆಯಲ್ಲಿ ಶಾಲೆ ಇರುವುದರಿಂದ ಮಾತ್ರ ಇದು ಆಯಿತು. ಇಂಗ್ಲಿಷ್ ಮಾಧ್ಯಮದ ಮಗುವಿನ ಅಮ್ಮನಿಗೆ ಈ ಜಾಗವೇ ಇರುತ್ತಿರಲಿಲ್ಲ.

ಮನೆ ಅಂದರೆ ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಖೋಲಿ. ಎಲ್ಲರೂ ಅಲ್ಲೇ. ಮಾಳ, ಅಂದರೆ ಅಟ್ಟ, ಇದ್ದವರ ಮಗು ಏಣಿ ಹತ್ತಿ ಮೇಲೆ ಕೂರುತ್ತಿತ್ತು, ಇಲ್ಲದವರ ಮಗು ಹೊರಗೆ ಓಣಿಯಲ್ಲಿ. ಮಳೆ ಬಂದರೆ ಓಣಿಯೂ ಇಲ್ಲ. ಆ ದಿನ ಪಾಠ ಬಿಡು, ನಾಳೆ ಮಾಡೋಣ ಅಂತ ಹೇಳಿಬಿಡುತ್ತಿದ್ದೆ.

ಊರಿಗೆ ಹೋದ ಮಕ್ಕಳ ವಿಷಯ ಬೇರೆಯೇ. 2020ರ ಮೇ ತಿಂಗಳಲ್ಲಿ ಸಿಕ್ಕ ಗಾಡಿ ಹತ್ತಿ ಎಷ್ಟೋ ಕುಟುಂಬಗಳು ಹೊರಟುಹೋದವು. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲಿ, ಮಗು ಅಲ್ಲಿ ತೊಗರಿ ಹೊಲದಲ್ಲಿ. ಹೆಸರು ಹೊಡೆದುಹಾಕಲು ನನಗೆ ಮನಸ್ಸಾಗಲಿಲ್ಲ. ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ವಿದ್ಯಾಗಮ ಶುರುಮಾಡಿತು. ಮೇಷ್ಟ್ರುಗಳೇ ಗುಡಿ, ಸಮುದಾಯ ಭವನ, ಮರದ ನೆರಳು ಅಂತ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುತ್ತಿದ್ದರು. "ನಮ್ಮ ಮಗುವನ್ನೂ ಕೂರಿಸಿಕೊಳ್ಳಿ ಸರ್" ಅಂತ ಅಲ್ಲಿನ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿಕೊಂಡೆ. ಯಾರೂ ಇಲ್ಲ ಅನ್ನಲಿಲ್ಲ. ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು, ಕಾರಣ ಸೋಂಕು ಅಂತ ಗೊತ್ತಿದ್ದರೂ.

ಗಣಿತ, ಕನ್ನಡ ಅಲ್ಲಿ ಹೇಗೋ ನಡೆಯುತ್ತಿತ್ತು. ನಡೆಯದ್ದು ಎರಡು. ಮಹಾರಾಷ್ಟ್ರದ 4ನೇ ತರಗತಿಯಲ್ಲಿ ಪರಿಸರ ಅಧ್ಯಯನದ ಎರಡನೇ ಭಾಗ ಪೂರ್ತಿ ಶಿವಾಜಿ ಮಹಾರಾಜರ ಚರಿತ್ರೆ. ಊರಿನಲ್ಲಿ ಆ ಪುಸ್ತಕ ಎಲ್ಲಿಂದ ಬರಬೇಕು? ಅದನ್ನು ಅಧ್ಯಾಯ ಅಧ್ಯಾಯವಾಗಿ ಕಥೆಯ ಹಾಗೆ ಹೇಳಿ ಕಳಿಸಿದೆ, ಪಕ್ಕದ ಮನೆಯವರೂ ಕೂತು ಕೇಳುತ್ತಿದ್ದರಂತೆ. ಇನ್ನೊಂದು ಮರಾಠಿ. ಮುಂಬೈಯ ಕನ್ನಡ ಮಗು ಮರಾಠಿ ಕಲಿಯುವುದು ಪುಸ್ತಕದಿಂದ ಅರ್ಧ, ಓಣಿಯಲ್ಲಿ ಆಡುತ್ತಾ ಅರ್ಧ. ಊರಲ್ಲಿ ಆ ಓಣಿಯೇ ಇಲ್ಲ. ಇಲ್ಲಿ ಉಳಿದ ಒಂದು ಮಗು ಮತ್ತು ಊರಿಗೆ ಹೋದ ಒಂದು ಮಗು, ಇಬ್ಬರನ್ನೂ ಜೋಡಿ ಮಾಡಿ ವಾರಕ್ಕೊಮ್ಮೆ ಫೋನಿನಲ್ಲಿ ಮರಾಠಿಯಲ್ಲೇ ಮಾತಾಡಿ ಅಂತ ಬಿಟ್ಟೆ. ಕೆಲವು ಜೋಡಿ ಚೆನ್ನಾಗಿ ನಡೆಯಿತು. ಹೆಚ್ಚಿನವರು ಎರಡೇ ನಿಮಿಷದಲ್ಲಿ ಕನ್ನಡಕ್ಕೆ ಇಳಿದು ಆಟದ ಸುದ್ದಿ ಮಾತಾಡುತ್ತಿದ್ದರು. ಮರಾಠಿಯಲ್ಲಿ ಹಿಂದೆ ಬಿದ್ದದ್ದು ಹಿಂದೆಯೇ ಉಳಿಯಿತು, ಅದಕ್ಕೆ ದೂರದಿಂದ ನನಗೆ ದಾರಿ ಸಿಗಲಿಲ್ಲ.

2021ರ ಏಪ್ರಿಲಿನಲ್ಲಿ 1ರಿಂದ 8ರವರೆಗೆ ಪರೀಕ್ಷೆ ಇಲ್ಲದೆ ಪಾಸು ಅಂತ ಹೇಳಿದರು. ಜುಲೈ 1ರಿಂದ 45 ದಿನದ ಸೇತು ಅಭ್ಯಾಸ ಬಂತು, ಹಿಂದಿನ ವರ್ಷದ ಪಾಠ ಗಟ್ಟಿ ಮಾಡಿಸಲು. ನನ್ನ ಪಟ್ಟಿಯಲ್ಲಿ ಯಾವ ಮಗುವಿಗೆ ಏನು ಬರುವುದಿಲ್ಲ ಅಂತ ಇದ್ದೇ ಇತ್ತು, ಹಾಗಾಗಿ ಎಲ್ಲರಿಗೂ ಒಂದೇ ಹಾಳೆ ಕೊಡದೆ ಮಗುವಿಗೆ ತಕ್ಕ ಹಾಳೆ ಕೈಯಲ್ಲೇ ಬರೆದೆ. ಓಣಿಯ ಬಾಯಲ್ಲಿರುವ ಜೆರಾಕ್ಸ್ ಅಂಗಡಿಯವರು ಹೆಸರು ಬರೆದ ಕಟ್ಟುಗಳನ್ನು ಇಟ್ಟುಕೊಂಡು ಬಂದ ತಾಯಂದಿರಿಗೆ ಕೊಡುತ್ತಿದ್ದರು, ಬರೆದ ಹಾಳೆ ವಾಪಸ್ ತೆಗೆದಿಡುತ್ತಿದ್ದರು. ಅವರಿಗೆ ನಾನು ಯಾವತ್ತೂ ಋಣಿ.

ಡಿಸೆಂಬರಿನಲ್ಲಿ ಶಾಲೆ ತೆರೆದು, ಜನವರಿಯಲ್ಲಿ ಓಮಿಕ್ರಾನ್ ಅಂತ ಮತ್ತೆ ಮುಚ್ಚಿ, 24ಕ್ಕೆ ಮತ್ತೆ ತೆರೆಯಿತು. ಆ ಮೂರು ವಾರ ಮಕ್ಕಳಿಗೆ ಏನೂ ಹೇಳಬೇಕಾಗಲಿಲ್ಲ. ಮುಚ್ಚಿದ ದಿನ ರಾತ್ರಿ ಒಂಬತ್ತಕ್ಕೇ ಮಿಸ್ಡ್ ಕಾಲ್‌ಗಳು ಬಂದವು.

ಈಗಲೂ ಆ ಪಟ್ಟಿ ಇಡುತ್ತೇನೆ. ನಮ್ಮ ಮಕ್ಕಳು ಊರಹಬ್ಬ, ಜಾತ್ರೆ, ಸುಗ್ಗಿ ಅಂತ ವರ್ಷಕ್ಕೆ ಕೆಲವು ವಾರ ಹೋಗಿಯೇ ಹೋಗುತ್ತಾರೆ, ಮೊದಲಿನಿಂದಲೂ. ಆಗ ಆ ವಾರಗಳು ಸುಮ್ನೆ ಹಾಳಾಗುತ್ತಿದ್ದವು. ಈಗ ಹೊರಡುವ ಮೊದಲು ತಾಯಿಯ ಹತ್ತಿರ ಎರಡು ವಿಷಯ ಬರೆಸಿಕೊಳ್ಳುತ್ತೇನೆ: ಊರಲ್ಲಿ ಯಾರ ಫೋನು, ಅದು ಎಷ್ಟು ಗಂಟೆಗೆ ಮನೆಯಲ್ಲಿರುತ್ತದೆ. ಕಡ್ಡಿ ಕಟ್ಟು ಮಗುವಿನ ಚೀಲದಲ್ಲೇ ಹೋಗುತ್ತದೆ.